ನೇಂದ್ರ ಬಾಳೆ ಸಸಿ: ಬಾಟಲಿಗಿಂತ ಮೊದಲು ತೋಟ ನೋಡಿ

ಹಾಸನದಿಂದ ಆಲೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮನೆಗೆ ಅಂಟಿಕೊಂಡ ಎರಡು ರೂಮುಗಳೇ ನನ್ನ ಲ್ಯಾಬ್. ಹಿಂದಿನ ಅರ್ಧ ಎಕರೆಯಲ್ಲಿ ಶೇಡ್ ನೆಟ್ ಮನೆಗಳಿವೆ. ಗಿಡದ ಸಣ್ಣ ತುಂಡನ್ನು ಬಾಟಲಿಯೊಳಗೆ ಬೆಳೆಸಿ ನೂರಾರು ಸಸಿ ಮಾಡುವುದಕ್ಕೆ ಟಿಶ್ಯೂ ಕಲ್ಚರ್ ಅನ್ನುತ್ತಾರೆ. ಮದುವೆಗೆ ಮುಂಚೆ ಬೆಂಗಳೂರಿನ ಅಂಥ ಟಿಶ್ಯೂ ಕಲ್ಚರ್ ಕಂಪನಿಯೊಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಇಲ್ಲಿ ಸ್ವಂತಕ್ಕೆ ಶುರು ಮಾಡಿ ಹನ್ನೊಂದು ವರ್ಷವಾಯಿತು. ನೇಂದ್ರ, ಪುಟ್ಟಬಾಳೆ, ಏಲಕ್ಕಿ, ಈ ಮೂರರ ಸಸಿ ಮಾಡುತ್ತೇನೆ. ಅದರಲ್ಲಿ ನೇಂದ್ರವೇ ಜಾಸ್ತಿ.

ಕಲಿಯಬೇಕು ಅಂತ ಬರುವವರು ಮೊದಲು ಕೇಳುವುದು ಒಂದೇ ಮಾತು. "ಮೀಡಿಯಾಕ್ಕೆ ಏನೇನು ಹಾಕ್ತೀರಾ ಅಕ್ಕ?" ಮೀಡಿಯಾ ಅಂದರೆ ಬಾಟಲಿಯಲ್ಲಿ ಸಸಿಗೆ ಕೊಡುವ ಊಟ. ಹೇಳುತ್ತೇನೆ, ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಆದರೆ ಕಂದು, ಅಂದರೆ ಬಾಳೆಯ ಬುಡದಲ್ಲಿ ಏಳುವ ಮರಿ, ಎಲ್ಲಿಂದ ತರುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಒಳ್ಳೆಯ ಸಸಿ, ಕೆಟ್ಟ ಸಸಿ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬಾಟಲಿ ಏನು ತೊಳೆಯುತ್ತದೆ, ಏನು ತೊಳೆಯುವುದಿಲ್ಲ

ಪಚ್ಚಬಾಳೆ, ಏಲಕ್ಕಿಯಲ್ಲಿ ಎರಡನೇ ಮೂರನೇ ಕೂಳೆಯನ್ನೂ (ಕಡಿದ ಬುಡದಿಂದಲೇ ಬರುವ ಮುಂದಿನ ಬೆಳೆ) ಬಿಟ್ಟುಕೊಳ್ಳಬಹುದು. ನೇಂದ್ರ ಹಾಗಲ್ಲ. ಕೂಳೆಯಲ್ಲಿ ಗೊನೆ ಸಣ್ಣದಾಗುತ್ತದೆ, ಗಾಳಿಗೆ ಗಿಡ ಬೀಳುವುದೂ ಜಾಸ್ತಿ. ಚಿಪ್ಸ್ ಮಾಡುವವರಿಗೆ ಉದ್ದ, ದಪ್ಪ ಕಾಯಿಯೇ ಬೇಕು. ಅದಕ್ಕೇ ಹೆಚ್ಚಿನವರು ಒಂದೇ ಬೆಳೆಗೆ ಕಿತ್ತು ಹೊಸದಾಗಿ ನೆಡುತ್ತಾರೆ. ಅಂದರೆ ಪ್ರತಿ ಸಲ ಹೊಸ ಕಂದು ಬೇಕು. ಎಲ್ಲಿಂದಲೋ ಲಾರಿಯಲ್ಲಿ ಬಂದ ಕಂದಿನ ಜೊತೆ ಗಡ್ಡೆ ಕೊರೆಯುವ ಮೂತಿಹುಳು, ಬೇರು ತಿನ್ನುವ ನೆಮಟೋಡ್ ಅನ್ನುವ ಸಣ್ಣ ಹುಳು, ಸೊರಗು ರೋಗದ ಮಣ್ಣು, ವೈರಸ್ ಎಲ್ಲವೂ ಬಿಟ್ಟಿಯಾಗಿ ಬರುತ್ತವೆ.

ಟಿಶ್ಯೂ ಕಲ್ಚರ್‌ನಲ್ಲಿ ನಾವು ಗಡ್ಡೆಯ ಹೊರಭಾಗವನ್ನೆಲ್ಲ ಕೆತ್ತಿ ಬಿಸಾಡುತ್ತೇವೆ. ಉಳಿಸಿಕೊಳ್ಳುವುದು ಒಳಗಿನ ಎಳೆಯ ಸುಳಿ ಮಾತ್ರ. ಮೂತಿಹುಳು, ನೆಮಟೋಡ್, ಮಣ್ಣಿನ ಶಿಲೀಂಧ್ರ, ಇವೆಲ್ಲ ಆ ಸಿಪ್ಪೆಯ ಜೊತೆ ಹೊರಗೇ ಉಳಿಯುತ್ತವೆ. ಆದರೆ ವೈರಸ್ ಗಿಡದ ರಸದಲ್ಲೇ ಇರುತ್ತದೆ. ಸುಳಿಯ ಜೊತೆ ಅದೂ ಬಾಟಲಿಗೆ ಬರುತ್ತದೆ. ಆಮೇಲೆ ನೀವು ಒಂದನ್ನು ಏಳುನೂರು ಮಾಡಿದರೆ ರೋಗವೂ ಏಳುನೂರಾಗುತ್ತದೆ. ಹೆಪ್ಪು ಹುಳಿಯಾಗಿದ್ದರೆ ಹಾಲು ಎಷ್ಟೇ ಚೆನ್ನಾಗಿರಲಿ, ಮೊಸರು ಹುಳಿಯೇ ಅಲ್ವಾ?

ತಾಯಿ ಗಿಡ ಹುಡುಕುವುದು

ಒಂದು ತೋಟಕ್ಕೆ ನಾನು ಕಡಿಮೆ ಅಂದರೆ ಮೂರು ಸಲ ಹೋಗುತ್ತೇನೆ. ಗೊನೆ ಹಾಕುವಾಗ ಒಮ್ಮೆ, ಕಾಯಿ ಬಲಿತಾಗ ಒಮ್ಮೆ, ಕಂದು ಅಗೆಯುವ ದಿನ ಒಮ್ಮೆ. ಗೊನೆ ಚೆನ್ನಾಗಿರುವ, ಕಾಂಡ ದಪ್ಪವಿರುವ, ಎಲೆ ತುಂಬ ಇರುವ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ ಬರುತ್ತೇನೆ. ರೋಗದ ತೋಟದಲ್ಲಿ ಒಂದೇ ಒಂದು ಗಿಡ ಚೆನ್ನಾಗಿದ್ದರೆ ಅದನ್ನು ಮುಟ್ಟುವುದಿಲ್ಲ. ಇಡೀ ತೋಟ ಆರೋಗ್ಯವಾಗಿರಬೇಕು, ಬೇಲಿಯಾಚೆಯ ಪಕ್ಕದವರ ತೋಟವೂ ನೋಡಬೇಕು. ಗಿಡಹೇನಿಗೆ ಬೇಲಿ ಗೊತ್ತಿಲ್ಲ.

ಬಂಚಿ ಟಾಪ್ ವೈರಸ್ ನೋಡುವುದನ್ನು ಕಣ್ಣಿಗೆ ಕಲಿಸಲೇಬೇಕು. ರೋಗ ಬಲಿತ ಮೇಲೆ ಯಾರಿಗಾದರೂ ಗೊತ್ತಾಗುತ್ತದೆ. ಎಲೆಗಳು ಚಿಕ್ಕದಾಗಿ, ನೆಟ್ಟಗೆ ನಿಂತು, ತುದಿಯಲ್ಲಿ ಪೊರಕೆ ಕಟ್ಟಿದ ಹಾಗೆ ಗುಂಪಾಗುತ್ತವೆ. ಅದಕ್ಕೂ ಮೊದಲೇ ಹಿಡಿಯಬೇಕು ಅಂದರೆ ಎಲೆಯ ತೊಟ್ಟನ್ನು ನೋಡಿ. ಬೆಳಗ್ಗೆ ಹತ್ತು ಗಂಟೆಯ ಬಿಸಿಲಿಗೆ ಹೊಸ ಎಲೆಯನ್ನು ಕೆಳಗಿನಿಂದ ಎತ್ತಿ ಹಿಡಿಯಿರಿ. ತೊಟ್ಟಿನ ಮೇಲೆ, ನಡುದಿಂಡಿನ ಮೇಲೆ, ಕಡು ಹಸಿರು ಚುಕ್ಕೆ, ಗೆರೆ, ಮತ್ತೆ ಚುಕ್ಕೆ, ಮತ್ತೆ ಗೆರೆ ಕಾಣುತ್ತದೆ. ಹಳೇ ಕಾಲದ ತಂತಿ ಸಂದೇಶದ ಗುರುತಿನ ಹಾಗೆ. ಎಲೆಯ ಸಣ್ಣ ನರಗಳು ನಡುದಿಂಡಿಗೆ ಸೇರುವ ಕಡೆ ಕೊಕ್ಕೆಯಂತೆ ಬಾಗಿರುತ್ತವೆ. ಆ ಪುಡಿಪುಡಿ ಹಸಿರು ಗೆರೆ ಒಂದು ಸಲ ಕಂಡರೆ ಮತ್ತೆ ಮರೆಯುವುದಿಲ್ಲ. ತೊಟ್ಟಿನ ಬುಡದ ಸಂದಿಯಲ್ಲಿ ಕಂದು ಬಣ್ಣದ ಗಿಡಹೇನುಗಳಿವೆಯಾ, ಇರುವೆ ಓಡಾಡುತ್ತಿದೆಯಾ ಅಂತಲೂ ನೋಡಿ. ಈ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತುಕೊಂಡು ಹೋಗುವುದು ಆ ಹೇನೇ.

ನೇಂದ್ರಕ್ಕೆ ಇನ್ನೊಂದು ಕಾಟವಿದೆ. ಕಾಂಡದ ಮೇಲೆ ಕೆಂಪು-ನೇರಳೆ ಬಣ್ಣದ ಉದ್ದುದ್ದ ಪಟ್ಟೆ. ಕೇರಳದಲ್ಲಿ ಇದಕ್ಕೆ ಕೊಕ್ಕನ್ ಅನ್ನುತ್ತಾರೆ. ಇದು ಬ್ರ್ಯಾಕ್ಟ್ ಮೊಸಾಯಿಕ್ ವೈರಸ್. ಒಣಗಿದ ಎಲೆಪಟ್ಟೆಯನ್ನು ಸುಲಿದು ಒಳಗಿನ ಹಸಿ ಕಾಂಡ ನೋಡಿದರೆ ಚೆನ್ನಾಗಿ ಕಾಣುತ್ತದೆ. ಪನಾಮ ಸೊರಗು ರೋಗ ನೇಂದ್ರಕ್ಕಿಂತ ಏಲಕ್ಕಿಗೆ, ರಸಬಾಳೆಗೆ ಜಾಸ್ತಿ. ನಂಜನಗೂಡಿನ ರಸಬಾಳೆ ತೋಟಗಳು ಕರಗಿಹೋದದ್ದರಲ್ಲಿ ಇದರದ್ದೇ ದೊಡ್ಡ ಪಾಲು. ಆದರೂ ಗೊನೆ ಕಡಿದ ಗಿಡದ ಗಡ್ಡೆಯನ್ನು ಕತ್ತರಿಸಿ ನೋಡುತ್ತೇನೆ. ಬೆಳ್ಳಗಿದ್ದರೆ ಸರಿ. ಕೆಂಗಂದು ಚುಕ್ಕೆ ಗೆರೆ ಇದ್ದರೆ ಆ ತೋಟ ಬಿಟ್ಟೆ.

ನಾನು ಮಾಡಿದ ತಪ್ಪು

ನಾಲ್ಕನೇ ವರ್ಷ ನಡೆದದ್ದು. ಬೇಲೂರು ಕಡೆ ನಮ್ಮ ನೆಂಟರದೇ ತೋಟ. ಒಂದು ಗಿಡದಲ್ಲಿ ಅಷ್ಟು ಚೆಂದದ ಗೊನೆ. ಎಲೆ ನೋಡಿದೆ, ಗುರುತು ಏನೂ ಕಾಣಲಿಲ್ಲ. ಆರ್ಡರ್ ಇತ್ತು, ಅವಸರ ಇತ್ತು. ಸ್ಯಾಂಪಲ್ ಕಳಿಸಿ ರಿಪೋರ್ಟ್‌ಗೆ ಕಾಯಲಿಲ್ಲ. ಅದರ ಎರಡು ಕಂದು ತಂದು ಬಾಟಲಿಗೆ ಹಾಕಿಬಿಟ್ಟೆ. ಬಾಟಲಿಯಲ್ಲಿ ಎಲ್ಲ ಸರಿಯಾಗಿಯೇ ಬೆಳೆಯಿತು. ಹತ್ತು ತಿಂಗಳಾದ ಮೇಲೆ, ಪಾಲಿಥೀನ್ ಚೀಲದಲ್ಲಿ ನಾಲ್ಕನೇ ಎಲೆ ಬಿಡುವಾಗ, ತೊಟ್ಟಿನ ಮೇಲೆ ಆ ಹಸಿರು ಗೆರೆ ಕಂಡಿತು. ಒಂದರಲ್ಲಿ ಅಲ್ಲ, ಆ ತಾಯಿ ಗಿಡದಿಂದ ಬಂದ ಸಾಲಿನ ಎಲ್ಲದರಲ್ಲೂ.

1,100 ಸಸಿ. ಗುಂಡಿ ತೋಡಿ ಹೂತೆವು. ಅತ್ತೆ ಮಣ್ಣು ಎಳೆಯುತ್ತಾ "ಒಂದ್ ನಾಕಾದ್ರೂ ಇಟ್ಕಳವ್ವ, ಮನೆ ಹಿಂದೆ ನೆಡಣ" ಅಂದರು. ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಗಿಡ ದೊಡ್ಡದಾದ ಮೇಲೆ ವೈರಸ್ ತಗುಲಿದರೆ ಆ ಗಿಡ ಗೊನೆಯನ್ನು ಮಾಮೂಲಿಯಾಗಿಯೇ ಹಾಕಿಬಿಡಬಹುದು. ರೋಗ ಕಾಣುವುದು ಅದರ ಕಂದುಗಳಲ್ಲಿ. ಬಾಟಲಿಯೊಳಗಿನ ಸಸಿಯೂ ತುಂಬ ದಿನ ಏನೂ ತೋರಿಸದೆ ಇರಬಹುದು. ಅದಕ್ಕೇ ಈಗ ಗೊನೆ ನೋಡಿ ಮರುಳಾಗುವುದಿಲ್ಲ. ಆ ಗಿಡದ ಬುಡದ ಎಲ್ಲಾ ಕಂದುಗಳನ್ನೂ ಒಂದೊಂದಾಗಿ ನೋಡುತ್ತೇನೆ. ಪ್ರತಿ ತಾಯಿ ಗಿಡದ ಎಲೆ ಟೆಸ್ಟ್‌ಗೆ ಹೋಗುತ್ತದೆ. ತಮಿಳುನಾಡಿನ ತಿರುಚ್ಚಿಯಲ್ಲಿ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವಿದೆ, ಬಾಳೆ ವೈರಸ್ ಪರೀಕ್ಷೆಗೆ ಅವರ ಕೈ ಪಳಗಿದೆ. ಬಂಚಿ ಟಾಪ್, ಬ್ರ್ಯಾಕ್ಟ್ ಮೊಸಾಯಿಕ್, ಸ್ಟ್ರೀಕ್, ಸೌತೆ ಮೊಸಾಯಿಕ್, ಈ ನಾಲ್ಕಕ್ಕೂ ಮಾಡಿಸಬೇಕು. ರಿಪೋರ್ಟ್ ಬರುವವರೆಗೆ ಕಂದು ಬಾಟಲಿಯಲ್ಲಿರಲಿ, ತೊಂದರೆ ಇಲ್ಲ. ಆದರೆ ಕತ್ತರಿಸಿ ಹೆಚ್ಚಿಸಬೇಡಿ.

ಸ್ಟ್ರೀಕ್ ವೈರಸ್ ಬಗ್ಗೆ ಒಂದು ಮಾತು. ನಾವು ತಿನ್ನುವ ಬಾಳೆಗಳು ಎರಡು ಕಾಡುಬಾಳೆಗಳ ಸಂತಾನ. ನೇಂದ್ರ, ಏಲಕ್ಕಿಯಂಥವುಗಳಲ್ಲಿ ಅದರಲ್ಲೊಂದಾದ ಬಾಲ್ಬಿಸಿಯಾನದ ಪಾಲೂ ಇದೆ. ಆ ಕಡೆಯಿಂದ ಬಂದ ವಂಶವಾಹಿಯಲ್ಲೇ ಈ ವೈರಸ್ಸಿನ ತುಂಡುಗಳು ಮಲಗಿರಬಹುದು. ಬಾಟಲಿಯ ಬದುಕಿನ ಒತ್ತಡಕ್ಕೆ ಕೆಲವೊಮ್ಮೆ ಎದ್ದುಬಿಡುತ್ತವೆ. ಹಾಗಾಗಿ ತಾಯಿ ಗಿಡ ಒಂದನ್ನೇ ಟೆಸ್ಟ್ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ. ಬೇರು ಬರಿಸುವ ಮೊದಲು ಆ ಸಾಲಿನ ಕೆಲವು ಸಸಿಗಳನ್ನು ಮತ್ತೊಮ್ಮೆ ಕಳಿಸಿ.

ಕಂದಿನಿಂದ ಸುಳಿಗೆ

ಎರಡು ಅಡಿ ಎತ್ತರದ, ಕತ್ತಿಯಂಥ ಸಣ್ಣ ಎಲೆಯ ಕಂದು ಬೇಕು. ಚಿಕ್ಕದರಲ್ಲೇ ಅಗಲ ಎಲೆ ಬಿಟ್ಟ ನೀರುಕಂದು ಬೇಡ. ಅದಕ್ಕೆ ತಾಯಿಯ ಜೊತೆ ಗಟ್ಟಿ ನಂಟಿರುವುದಿಲ್ಲ, ಗಡ್ಡೆಯೂ ಸಪ್ಪೆ. ಅಗೆದ ದಿನವೇ ಮಣ್ಣು ತೊಳೆದು, ಬೇರು ಕೆತ್ತಿ, ಮೇಲಿನ ಕಾಂಡ ಕತ್ತರಿಸಿ, ಹತ್ತು ಸೆಂಟಿಮೀಟರ್ ತುಂಡು ಮಾಡಿ ಲ್ಯಾಬ್‌ಗೆ ತರುತ್ತೇನೆ. ಮಣ್ಣು ಲ್ಯಾಬ್ ಹೊಸ್ತಿಲು ದಾಟಬಾರದು. ಮಳೆ ಹಿಡಿದಿರುವಾಗ ತಂದ ಕಂದಿನಲ್ಲಿ ಬ್ಯಾಕ್ಟೀರಿಯಾ ಕಾಟ ಜಾಸ್ತಿ. ನಾಲ್ಕು ದಿನ ಹೊಳವಾದ ಮೇಲೆ ಅಗೆಯುವುದು ಒಳ್ಳೆಯದು.

ತುಂಡನ್ನು ಸೋಪಿನ ನೀರಲ್ಲಿ ತೊಳೆದು, ಹರಿಯುವ ನೀರಿನ ಕೆಳಗೆ ಅರ್ಧ ಗಂಟೆ ಬಿಡಬೇಕು. ಆಮೇಲೆ ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಬೆರೆಸಿದ ನೀರಲ್ಲಿ ಅರ್ಧ ಗಂಟೆ. ಮತ್ತೆ ಹೊರಗಿನ ಪದರ ಕೆತ್ತಿ ಎರಡು ಮೂರು ಸೆಂಟಿಮೀಟರ್‌ಗೆ ಇಳಿಸಬೇಕು. ಮುಂದಿನದೆಲ್ಲ ಲ್ಯಾಮಿನಾರ್ (ಸೋಸಿದ ಶುದ್ಧ ಗಾಳಿ ಬೀಸುವ ಪೆಟ್ಟಿಗೆ) ಒಳಗೆ. 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ ಒಂದು ನಿಮಿಷ ಅದ್ದಿ, 4 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್‌ಗೆ ಅಷ್ಟೇ ನೀರು ಬೆರೆಸಿ ಎರಡು ಹನಿ ಟ್ವೀನ್-20 ಅನ್ನುವ ಸೋಪಿನಂಥ ದ್ರವ ಹಾಕಿ, 20 ನಿಮಿಷ ಅಲ್ಲಾಡಿಸುತ್ತಾ ಇಡಬೇಕು. ಆಟೋಕ್ಲೇವ್ ಮಾಡಿದ, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಂದ, ನೀರಲ್ಲಿ ಮೂರು ಸಲ ತೊಳೆಯಬೇಕು. ತುಂಬ ಕಡೆ ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಾರೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಅದು ಪಾದರಸದ ವಿಷ. ಅದರ ನೀರನ್ನು ಎಲ್ಲಿ ಚೆಲ್ಲುತ್ತೀರಿ? ನಮ್ಮ ಬಾವಿ ಲ್ಯಾಬ್‌ನಿಂದ ಮೂವತ್ತು ಅಡಿ ದೂರವಿದೆ. ನನಗೆ ಬೇಡವೇ ಬೇಡ.

ಇನ್ನು ಸುಳಿ ಬಿಡಿಸುವುದು. ನನಗೆ ಇಡೀ ಕೆಲಸದಲ್ಲಿ ತುಂಬ ಇಷ್ಟವಾದ ಹದಿನೈದು ನಿಮಿಷ ಇದು. ಹೊಸ ಬ್ಲೇಡ್ ಹಾಕಿಕೊಳ್ಳಿ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ ಇರುತ್ತದೆ. ಒಂದೊಂದು ಪದರದ ಬುಡದಲ್ಲಿ ಸುತ್ತಲೂ ಗೆರೆ ಎಳೆದು ಚಿಮಟದಿಂದ ಬಿಡಿಸಿ. ಒತ್ತಬೇಡಿ. ಪ್ರತಿ ಎರಡು ಪದರಕ್ಕೆ ಬ್ಲೇಡು, ಚಿಮಟ ಬದಲಾಯಿಸಿ. ಹೊರಗಿನ ಪದರ ಗಟ್ಟಿ ಬಿಳಿ, ಒಳಗೆ ಹೋದ ಹಾಗೆ ಹಾಲುಗೆನೆಯ ಬಣ್ಣ, ಮೆತ್ತಗೆ. ಕೊನೆಗೆ ಎರಡು ಮೂರು ಎಳೆಯ ಎಲೆಮೊಳಕೆಗಳು ಒಂದನ್ನೊಂದು ತಬ್ಬಿಕೊಂಡು ಕೂತಿರುತ್ತವೆ. ಅವುಗಳ ನಡುವೆ ಅರೆಬೆಂದ ಅಕ್ಕಿಕಾಳಿನ ತುದಿಯಂತೆ ಹೊಳೆಯುವ ಒಂದು ಗುಬ್ಬಿ ಇದೆ. ಅದೇ ಸುಳಿ. ಆ ಎರಡು ಮೂರು ಮೊಳಕೆಗಳನ್ನು ಬಿಟ್ಟು, ಕೆಳಗೆ ಅರ್ಧ ಸೆಂಟಿಮೀಟರ್ ಗಡ್ಡೆ ಉಳಿಸಿ, ಚೌಕವಾಗಿ ಕತ್ತರಿಸಿ. ಒಟ್ಟು ಒಂದು ಸೆಂಟಿಮೀಟರ್ ಇದ್ದರೆ ಸಾಕು.

ಬಾಳೆ ಕರೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ ಅಂತ ನಮ್ಮೂರಿನ ಎಲ್ಲರಿಗೂ ಗೊತ್ತು. ಬಾಟಲಿಯಲ್ಲೂ ಅದೇ ಗೋಳು. ಕತ್ತರಿಸಿದ ಕಡೆಯಿಂದ ರಸ ಇಳಿದು ಮೀಡಿಯಾ ಕಪ್ಪಾಗುತ್ತದೆ, ಸುಳಿ ತನ್ನ ಕರೆಗೆ ತಾನೇ ಸಾಯುತ್ತದೆ. ನೇಂದ್ರದಲ್ಲಿ ಇದು ಪಚ್ಚಬಾಳೆಗಿಂತ ಜಾಸ್ತಿ. ಕತ್ತರಿಸುತ್ತಾ ಇರುವಾಗಲೇ ತುಂಡುಗಳನ್ನು ಆಸ್ಕಾರ್ಬಿಕ್ ಆಸಿಡ್ ನೀರಲ್ಲಿ ಹಾಕಿಡಿ, ಲೀಟರಿಗೆ 100 ಮಿಲಿಗ್ರಾಂ. ವಿಟಮಿನ್ ಸಿ ಅಂದರೆ ಅದೇ. ಮೊದಲ ಒಂದು ವಾರ ಬಾಟಲಿಗಳನ್ನು ಕತ್ತಲಲ್ಲಿ ಇಡಿ. ಕಪ್ಪಾದ ಮೀಡಿಯಾದಿಂದ ಐದಾರು ದಿನಕ್ಕೊಮ್ಮೆ ಹೊಸದಕ್ಕೆ ಬದಲಾಯಿಸಿ. ಎರಡು ಮೂರು ಸಲ ಬದಲಾಯಿಸಿದರೆ ಕರೆ ನಿಲ್ಲುತ್ತದೆ.

ಮೀಡಿಯಾ

1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಹೊಗೆಸೊಪ್ಪಿಗೆ ಅಂತ ಮಾಡಿದ ಎಂಎಸ್ ಮೀಡಿಯಾವೇ ಇವತ್ತಿಗೂ ಬಾಳೆಗೆ ಊಟ. ಪುಡಿ ಪ್ಯಾಕೆಟ್ ಸಿಗುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಒಂದು ಲೀಟರಿನ ಪ್ಯಾಕೆಟ್, 30 ಗ್ರಾಂ ಸಕ್ಕರೆ, ಶುರುವಿನಲ್ಲಿ 3 ಮಿಲಿಗ್ರಾಂ ಬಿಎಪಿ (ಮೊಳಕೆ ಏಳಿಸುವ ಹಾರ್ಮೋನು), ಹೆಚ್ಚಿಸುವಾಗ 5 ಮಿಲಿಗ್ರಾಂ. ಬಿಎಪಿ ನೀರಲ್ಲಿ ಸುಮ್ನೆ ಕರಗುವುದಿಲ್ಲ. ಕೆಲವು ಹನಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೊದಲು ಕರಗಿಸಿ, 100 ಮಿಲಿಗ್ರಾಂಗೆ 100 ಮಿಲಿ ನೀರು ಮಾಡಿ ಫ್ರಿಜ್‌ನಲ್ಲಿ ಇಟ್ಟುಕೊಂಡರೆ ಒಂದು ಮಿಲಿಗೆ ಒಂದು ಮಿಲಿಗ್ರಾಂ ಲೆಕ್ಕ ಸಿಗುತ್ತದೆ. ಪಿಎಚ್ 5.8ಕ್ಕೆ ತನ್ನಿ. ಆಮೇಲೆ ಮೀಡಿಯಾ ಗಟ್ಟಿಯಾಗಲು 7 ಗ್ರಾಂ ಅಗಾರ್ ಹಾಕಿ ಕುದಿಸಿ, ಬಾಟಲಿಗೆ ಹುಯ್ದು, 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ 20 ನಿಮಿಷ ಆಟೋಕ್ಲೇವ್. ದೊಡ್ಡ ಪ್ರೆಶರ್ ಕುಕ್ಕರಿನಲ್ಲೂ ಮಾಡಬಹುದು. ನಾನು ಮೊದಲ ಎರಡು ವರ್ಷ ಹಾಗೇ ಮಾಡಿದ್ದು.

ಮಾಡಿದ ದಿನವೇ ಬಳಸಬೇಡಿ. ನಾಲ್ಕೈದು ದಿನ ಹಾಗೇ ಬಿಟ್ಟು, ಬೂಸ್ಟು ಬಂದ ಬಾಟಲಿ ಇದ್ದರೆ ಎತ್ತಿಟ್ಟು, ಉಳಿದವಕ್ಕೆ ಮಾತ್ರ ಸುಳಿ ಹಾಕಿ.

ರೂಮಿನಲ್ಲಿ 25 ಡಿಗ್ರಿ ಆಸುಪಾಸು, ದಿನಕ್ಕೆ 16 ಗಂಟೆ ಟ್ಯೂಬ್‌ಲೈಟ್ ಬೆಳಕು. ನಮ್ಮ ಹಾಸನದ ಹವೆ ಇದಕ್ಕೆ ಒಂದು ವರ. ಏಪ್ರಿಲ್ ಬಿಟ್ಟರೆ ಎಸಿ ಕೆಲಸ ಕಡಿಮೆ. ಡಿಸೆಂಬರ್ ರಾತ್ರಿ ಮಾತ್ರ ರೂಮು ತಣ್ಣಗಾಗಿ ಸುಳಿಗಳು ಮುದುಡಿ ಕೂರುತ್ತವೆ. ಆಗ ಬೆಳಕಿನ 16 ಗಂಟೆಯನ್ನು ರಾತ್ರಿ ಕಡೆಗೆ ತಿರುಗಿಸುತ್ತೇನೆ, ಟ್ಯೂಬ್‌ಲೈಟ್ ಶಾಖಕ್ಕೇ ರೂಮು ಬೆಚ್ಚಗಿರುತ್ತದೆ.

ಹೆಚ್ಚಿಸುವುದು, ಮತ್ತು ಎಲ್ಲಿ ನಿಲ್ಲಿಸುವುದು

ನಾಲ್ಕೈದು ವಾರಕ್ಕೆ ಸುಳಿ ಊದಿ ಹಸಿರಾಗುತ್ತದೆ. ಆಗ ಅದನ್ನು ನೆತ್ತಿಯಿಂದ ಬುಡಕ್ಕೆ ಎರಡು ಹೋಳು ಮಾಡಬೇಕು. ನೋಡುವವರಿಗೆ ಹೊಟ್ಟೆ ಉರಿಯುತ್ತದೆ, ಇಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಸೀಳುವುದಾ ಅಂತ. ಆದರೆ ನೆತ್ತಿಯ ಮೊಳಕೆ ಗಟ್ಟಿಯಾಗಿರುವವರೆಗೂ ಪಕ್ಕದ ಮೊಳಕೆಗಳನ್ನು ಏಳಲು ಬಿಡುವುದಿಲ್ಲ. ಸೀಳಿದ ಮೇಲೆಯೇ ಬುಡದಲ್ಲಿ ಹಸಿರು ಗುಬ್ಬಿಗಳು ಏಳುತ್ತವೆ. ಅಲ್ಲಿಂದ ಮುಂದೆ ನಾಲ್ಕು ವಾರಕ್ಕೊಂದು ಸುತ್ತು. ಗೊಂಚಲು ಬಿಡಿಸಿ, ಕಪ್ಪಾದ ಬುಡ ಕೆತ್ತಿ, ಹೊಸ ಬಾಟಲಿ.

ನನ್ನ ಕೈಯಲ್ಲಿ ನೇಂದ್ರ ಒಂದು ಸುತ್ತಿಗೆ ಮೂರು ಪಟ್ಟಾಗುತ್ತದೆ. ಪಚ್ಚಬಾಳೆಯಷ್ಟು ಓಟ ಇಲ್ಲ. ಮೂರರ ಲೆಕ್ಕದಲ್ಲಿ ಆರು ಸುತ್ತಿಗೆ ಒಂದು ಸುಳಿ 729 ಆಗುತ್ತದೆ, ಎಂಟು ಸುತ್ತಿಗೆ 6,561. ಆಸೆ ಹುಟ್ಟುವುದು ಇಲ್ಲೇ. ಇನ್ನೆರಡು ಸುತ್ತು ಹಾಕಿದರೆ ಬಿಟ್ಟಿ ಸಸಿ ಅಲ್ವಾ ಅನಿಸುತ್ತದೆ. ಆದರೆ ಸುತ್ತು ಜಾಸ್ತಿಯಾದ ಹಾಗೆ ತಾಯಿಯನ್ನು ಹೋಲದ ಸಸಿಗಳು ಹೆಚ್ಚುತ್ತವೆ. ಗಿಡ್ಡ ಗಿಡ, ದಪ್ಪ ಒರಟು ಎಲೆ, ಗೊನೆಯಲ್ಲಿ ಕಾಯಿಯ ಆಕಾರವೇ ಬೇರೆ. ಈ ಕಸುಬಿನಲ್ಲಿ ಎಂಟು ಸುತ್ತಿನಾಚೆ ಹೋಗಬಾರದು ಅನ್ನುವುದು ಎಲ್ಲರಿಗೂ ಗೊತ್ತಿರುವ ಗೆರೆ. ನಾನು ಆರಕ್ಕೇ ನಿಲ್ಲಿಸುತ್ತೇನೆ. ರೈತ ಒಂದು ವರ್ಷ ನೀರು, ಗೊಬ್ಬರ ಹಾಕಿದ ಮೇಲೆ ಗೊತ್ತಾಗುವ ಮೋಸ ಅದು. ಯಾರಿಗೂ ಆಗಬಾರದು.

ಪ್ರತಿ ಬಾಟಲಿಯ ಮೇಲೆ ಮೂರು ವಿಷಯ ಬರೆಯಿರಿ: ತಾಯಿ ಗಿಡದ ನಂಬರ್, ಎಷ್ಟನೇ ಸುತ್ತು, ತಾರೀಖು. ಆ 1,100 ಸಸಿ ಕೆಟ್ಟಾಗ ನನ್ನನ್ನು ಉಳಿಸಿದ್ದು ಈ ಬರಹವೇ. ಯಾವ ಬಾಟಲಿ ಆ ತಾಯಿಯದು ಅಂತ ಗೊತ್ತಿದ್ದರಿಂದ ಉಳಿದ ಸಾಲುಗಳನ್ನು ಹೂಳಬೇಕಾಗಲಿಲ್ಲ.

ಬಾಟಲಿ ಕೆಡುವುದು ಎರಡು ಥರ. ಶಿಲೀಂಧ್ರ ಬಂದರೆ ಮೂರು ನಾಲ್ಕು ದಿನಕ್ಕೇ ಹತ್ತಿಯಂತೆ ಕಾಣುತ್ತದೆ, ಮಕ್ಕಳೂ ಹೇಳುತ್ತಾರೆ. ಬ್ಯಾಕ್ಟೀರಿಯಾ ಕಳ್ಳ. ಬಾಟಲಿಯನ್ನು ಟ್ಯೂಬ್‌ಲೈಟಿನ ಎದುರು ಹಿಡಿದು ತಳದಿಂದ ನೋಡಿ. ಸಸಿಯ ಬುಡದ ಸುತ್ತ ಅಗಾರ್ ಒಳಗೆ ಗಂಜಿ ತಿಳಿ ಇಳಿದ ಹಾಗೆ ಮಸುಕು ಕಂಡರೆ ಅದು ಅದೇ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯರು ದಿನಾ ಬೆಳಗ್ಗೆ ಬಂದು ಮೊದಲು ಮಾಡುವ ಕೆಲಸ ಈ ನೋಟ. ಕೆಟ್ಟ ಬಾಟಲಿಯ ಮುಚ್ಚಳವನ್ನು ಲ್ಯಾಬ್ ಒಳಗೆ ತೆಗೆಯಲೇಬಾರದು. ಮುಚ್ಚಿಕೊಂಡೇ ಆಟೋಕ್ಲೇವ್‌ಗೆ ಹಾಕಿ, ಆಮೇಲೆ ತೊಳೆಯಿರಿ.

ಕರೆಂಟ್ ಹೋದಾಗ ಲ್ಯಾಮಿನಾರ್ ನಿಂತರೆ ಕೆಲಸವೂ ನಿಲ್ಲಬೇಕು. ಇನ್ನೆರಡೇ ಬಾಟಲಿ ಮುಗಿಸಿಬಿಡೋಣ ಅಂತ ಮುಂದುವರಿಸಿದವೇ ಮುಂದಿನ ವಾರ ಕೆಡುವುದು.

ಬೇರಿಗೆ ಅರ್ಧ ಪ್ರಮಾಣದ ಎಂಎಸ್, ಲೀಟರಿಗೆ 1 ಮಿಲಿಗ್ರಾಂ ಐಬಿಎ (ಬೇರು ಬರಿಸುವ ಹಾರ್ಮೋನು), 1 ಗ್ರಾಂ ಇದ್ದಿಲು ಪುಡಿ. ಮೂರು ನಾಲ್ಕು ವಾರಕ್ಕೆ ನಾಲ್ಕೈದು ಬಿಳಿ ಬೇರು ಬರುತ್ತದೆ. ಇದರಲ್ಲಿ ಕಷ್ಟ ಏನೂ ಇಲ್ಲ.

ಬಾಟಲಿಯಿಂದ ಹೊರಗೆ

ಲ್ಯಾಬ್‌ನಲ್ಲಿ ಎಲ್ಲ ಗೆದ್ದು ಇಲ್ಲಿ ಸೋತವರನ್ನು ತುಂಬ ನೋಡಿದ್ದೇನೆ. ಬಾಟಲಿ ಸಸಿಯ ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿ, ಈರುಳ್ಳಿಯ ಒಳಪೊರೆಯಷ್ಟು ತೆಳು. ಅದರ ಮೇಲೆ ಮೇಣದ ಲೇಪ ಇರುವುದಿಲ್ಲ. ಹೊರಗಿನ ಗಾಳಿಗೆ ಹತ್ತು ನಿಮಿಷ ಬಿಟ್ಟರೆ ಬಾಡಿ ಮಲಗುತ್ತದೆ. ಅದು ಹುಟ್ಟಿದಾಗಿನಿಂದ ಸಕ್ಕರೆ ನೀರು ಕುಡಿದು ಬೆಳೆದದ್ದು. ಈಗ ತನ್ನ ಊಟ ತಾನೇ ಮಾಡಿಕೊಳ್ಳಬೇಕು.

ಸಂಜೆ ಹೊತ್ತು ಹೊರಗೆ ತೆಗೆಯಿರಿ. ಬೇರಿಗೆ ಅಂಟಿದ ಅಗಾರ್ ಚೂರೂ ಉಳಿಯದಂತೆ ಉಗುರು ಬೆಚ್ಚಗಿನ ನೀರಲ್ಲಿ ತೊಳೆಯಿರಿ. ಸಕ್ಕರೆ ಉಳಿದರೆ ಎರಡೇ ದಿನಕ್ಕೆ ಬೂಸ್ಟು. ಕಾರ್ಬೆಂಡಜಿಮ್ ಲೀಟರಿಗೆ 1 ಗ್ರಾಂ ಬೆರೆಸಿ ಅದ್ದಿ, ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ ತುಂಬಿದ ಪ್ರೋಟ್ರೇಗೆ (ಸಾಲುಗುಳಿಗಳ ತಟ್ಟೆ) ನೆಡಿ. ಮೇಲೆ ಕಮಾನು ಬಗ್ಗಿಸಿ ಪಾಲಿಥೀನ್ ಹೊದಿಸಿ. ಮೊದಲ ಒಂದು ವಾರ ಒಳಗೆ ಕೈ ಹಾಕಿದರೆ ಕೈಗೆ ನೀರು ಹತ್ತಬೇಕು, ಅಷ್ಟು ತೇವ. ಎರಡನೇ ವಾರ ಬೆಳಗ್ಗೆ ಸಂಜೆ ಒಂದೊಂದು ಗಂಟೆ ಅಂಚು ಎತ್ತಿ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ. ಹೊಸ ಎಲೆ ಬಿಚ್ಚಿ, ಅದರ ಮೇಲೆ ನೀರು ಚಿಮುಕಿಸಿದರೆ ಹನಿ ಕೆಸುವಿನೆಲೆಯ ಮೇಲಿನಂತೆ ಜಾರತೊಡಗಿದರೆ ಸಸಿ ಗೆದ್ದಿತು ಅಂತ ಲೆಕ್ಕ. ಆಗ ಪಾಲಿಥೀನ್ ತೆಗೆಯಬಹುದು. ಜುಲೈ ತಿಂಗಳ ಜಡಿಮಳೆಯಲ್ಲಿ ಬಿಸಿಲೇ ಇರುವುದಿಲ್ಲ, ಆಗ ಮುಚ್ಚಿಡುವುದು ಕಡಿಮೆ ಮಾಡಿ. ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಎಲೆಯ ಅಂಚು ಸುಡುತ್ತಿತ್ತು. ಈಗ ಚಾವಣಿಯ ಮಳೆನೀರು ತೊಟ್ಟಿಗೆ ಹಿಡಿದು ಅದನ್ನೇ ಕೊಡುತ್ತೇನೆ.

ಐದಾರು ವಾರಕ್ಕೆ ಚೀಲಕ್ಕೆ ಬದಲಾವಣೆ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಸಮ. ಬಾಳೆ ತೋಟದ ಮಣ್ಣು ಮಾತ್ರ ಬೇಡ. ಮಣ್ಣಿನ ರೋಗದಿಂದ ತಪ್ಪಿಸಲೆಂದು ಇಷ್ಟೆಲ್ಲ ಮಾಡಿ ಮತ್ತೆ ಅದೇ ಮಣ್ಣು ಹಾಕಿದರೆ ಏನು ಬಂತು? ಶೇಡ್ ನೆಟ್ ಜೊತೆಗೆ ಸುತ್ತಲೂ 40 ಮೆಶ್ಶಿನ ಕೀಟದ ಬಲೆ ಕಟ್ಟಿ, ಬಾಗಿಲು ಎರಡು ಇಡಿ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಒಂದು ರೆಕ್ಕೆಯ ಹೇನು ಒಳಗೆ ಬಂದರೆ ಟೆಸ್ಟ್ ರಿಪೋರ್ಟಿಗೆ ಬೆಲೆಯೇ ಇಲ್ಲ.

ಚೀಲದಲ್ಲಿ ಆರು ವಾರ. ಈ ಹೊತ್ತಲ್ಲಿ ಒಂದೊಂದೇ ಸಸಿ ಕೈಯಲ್ಲಿ ಹಿಡಿದು ಆರಿಸುತ್ತೇವೆ. ತೀರ ಗಿಡ್ಡ, ಎಲೆಯಲ್ಲಿ ಬಿಳಿ ಪಟ್ಟೆ, ರಬ್ಬರಿನಂಥ ದಪ್ಪ ಎಲೆ, ಇವೆಲ್ಲ ಗೊಬ್ಬರದ ಗುಂಡಿಗೆ. ಒಂದು ಅಡಿ ಎತ್ತರ, ಐದಾರು ಎಲೆ ಇದ್ದದ್ದು ಮಾತ್ರ ಗೇಟು ದಾಟುತ್ತದೆ.

ಕಂದು ತಂದ ದಿನದಿಂದ ಇಲ್ಲಿಗೆ ಸುಮಾರು ಹನ್ನೊಂದು ತಿಂಗಳು. ಮುಂದಿನ ಮೃಗಶಿರಾ ಮಳೆಗೆ ನೆಡುವ ಸಸಿ ಬೇಕಾದರೆ ಈ ವರ್ಷ ಜುಲೈನಲ್ಲೇ, ಮಳೆ ಬಿಡುವು ನೋಡಿ, ಕಂದು ಬಾಟಲಿ ಸೇರಿರಬೇಕು. ಹಾಸನಾಂಬ ಬಾಗಿಲು ತೆರೆಯುವ ಹೊತ್ತಿಗೆ ಬಂದು ಜೂನ್‌ಗೆ ಸಸಿ ಮಾಡಿಕೊಡಿ ಅನ್ನುವವರಿಗೆ ಇಲ್ಲ ಅನ್ನುತ್ತೇನೆ. ಕೊಂಡುಕೊಳ್ಳುವವರೂ ಅಷ್ಟೇ, ಎಲ್ಲಿಂದ ತಂದರೂ ವೈರಸ್ ರಿಪೋರ್ಟ್ ಕೇಳಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಟಿಶ್ಯೂ ಕಲ್ಚರ್ ಸಸಿಗಳಿಗೆ ದೃಢೀಕರಣದ ವ್ಯವಸ್ಥೆ ನಡೆಸುತ್ತಿದೆ. ಆ ಲೇಬಲ್ ಇದೆಯಾ ನೋಡಿ.

ಲ್ಯಾಬ್ ಇಲ್ಲದವರಿಗೆ

ಎಲ್ಲರೂ ಲ್ಯಾಬ್ ಕಟ್ಟಬೇಕಾಗಿಲ್ಲ. ಕ್ಯಾಮರೂನ್ ದೇಶದ ರೈತರು ಇದೇ ಜಾತಿಯ ಅಡುಗೆ ಬಾಳೆಗೆ ಬಳಸುವ ಒಂದು ದಾರಿ ಇದೆ. ಒಂದೂವರೆ ಕೆಜಿಯ ಆರೋಗ್ಯದ ಗಡ್ಡೆ ತೆಗೆದು, ಬೇರು, ಹೊರಸಿಪ್ಪೆ ಪೂರ್ತಿ ಕೆತ್ತಿ. ನೆಮಟೋಡ್, ಮೂತಿಹುಳುವಿನ ಮೊಟ್ಟೆ ಸಾಯಲು 53-55 ಡಿಗ್ರಿಯ ಬಿಸಿನೀರಲ್ಲಿ 20 ನಿಮಿಷ ಅದ್ದಿ. ಥರ್ಮಾಮೀಟರ್ ಇಟ್ಟುಕೊಂಡೇ ಮಾಡಿ, ಕೈ ಅಂದಾಜು ಬೇಡ. ಆಮೇಲೆ ಎಲೆಪಟ್ಟೆಗಳನ್ನು ಗೆಣ್ಣಿನವರೆಗೆ ಬಿಡಿಸಿ, ನಡುವಿನ ಸುಳಿಯನ್ನು ಚಾಕುವಿನಿಂದ ತೋಡಿ ತೆಗೆದು, ಅಲ್ಲಿ ಕೂಡುವ ಗುರುತಿನ (+) ಹಾಗೆ ಗೆರೆ ಕೊಯ್ಯಿರಿ. ಮರದ ಹೊಟ್ಟಿನಲ್ಲಿ ಹೂತು, ಪಾಲಿಥೀನ್ ಮುಚ್ಚಿ ನೆರಳಲ್ಲಿಡಿ. ಒಂದು ತಿಂಗಳಿಗೆ ಮೊಳಕೆ ಏಳುತ್ತವೆ. ಮೂರು ಎಲೆ ಬಂದಾಗ ಬೇರಿನ ಸಮೇತ ಬಿಡಿಸಿ ಚೀಲಕ್ಕೆ ಹಾಕಿ. ಒಂದು ಗಡ್ಡೆಗೆ ಹತ್ತು, ಇಪ್ಪತ್ತು ಸಸಿ ಬರುತ್ತದೆ. ವೈರಸ್ ಇದ್ದರೆ ಇಲ್ಲೂ ಅದು ಹೋಗುವುದಿಲ್ಲ. ತಾಯಿ ಗಿಡದ ಮಾತು ಇಲ್ಲಿಗೂ ಅಷ್ಟೇ ಸತ್ಯ.

ನೆಟ್ಟ ಮೇಲೆ

ನೇಂದ್ರಕ್ಕೆ ಎರಡು ಮೀಟರ್ ಅಂತರ, ಒಂದೂವರೆ ಅಡಿ ಗುಂಡಿ. ಗೊಬ್ಬರದ ವಿಷಯ ನಿಮ್ಮ ಮಣ್ಣಿನ ಮೇಲೆ ಹೋಗುತ್ತದೆ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಕೇಳಿ. ಸೊರಗು ರೋಗ ಬಂದಿದ್ದ ಜಾಗದಲ್ಲಿ ನೆಡಬೇಡಿ. ಟಿಶ್ಯೂ ಸಸಿ ಅಂದರೆ ರೋಗ ಇಲ್ಲದ ಸಸಿ, ರೋಗ ಬಾರದ ಸಸಿ ಅಲ್ಲ. ಆ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ.

ಮೊದಲ ಐದು ತಿಂಗಳು ಹದಿನೈದು ದಿನಕ್ಕೊಮ್ಮೆ ಸಾಲಿನ ನಡುವೆ ನಡೆದು ಎಲೆತೊಟ್ಟು ನೋಡಿ. ಆ ಹಸಿರು ಗೆರೆ ಎಲ್ಲಾದರೂ ಕಂಡರೆ ತಕ್ಷಣ ಗಿಡ ಕೀಳಲು ಹೋಗಬೇಡಿ. ಅಲ್ಲಾಡಿಸಿದರೆ ಹೇನುಗಳು ಪಕ್ಕದ ಗಿಡಕ್ಕೆ ಹೋಗುತ್ತವೆ. ಮೊದಲು ಸುಳಿ, ತೊಟ್ಟಿನ ಸಂದಿ, ಬುಡ ಎಲ್ಲ ಕಡೆ ಹೇನಿನ ಔಷಧಿ ಹೊಡೆಯಿರಿ. ಒಂದು ದಿನ ಬಿಟ್ಟು, ಹೇನು ಸತ್ತಿರುವುದನ್ನು ನೋಡಿಕೊಂಡು, ಗಡ್ಡೆ ಸಮೇತ ಅಗೆದು ಚೂರು ಮಾಡಿ ಹೂತುಬಿಡಿ. ಗಡ್ಡೆ ನೆಲದಲ್ಲಿ ಉಳಿದರೆ ಮತ್ತೆ ಕಂದು ಚಿಗುರುತ್ತದೆ. ಅದರಲ್ಲೂ ಅದೇ ಗೆರೆ ಇರುತ್ತದೆ.